ಕೆರೆಯಲ್ಲಿ ಹಿಡಿದ ವಾಲ್‌ಐ ಮೀನು ಬಸುರಿಯರು ತಿನ್ನಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಾವಿರೋದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ. ನನಗೀಗ ಐದು ತಿಂಗಳು. ಶನಿವಾರ ನಮ್ಮನೆಯವರು ಕೆರೆಯಿಂದ 23 ಇಂಚಿನ ವಾಲ್‌ಐ ಹಿಡಿದು ತಂದರು. ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದಾರೆ. ಚರ್ಮ ತೆಗೆದು, ಕಲ್ಲುಪ್ಪು ಹಾಕಿ ಉಜ್ಜಿ, ವಾಟೆಹುಳಿ ಹಾಕಿ ಸಾರು ಮಾಡಿದರು. ಎರಡು ತುಂಡು ತಿಂದ ಮೇಲೆ ಇಂಥ ಮೀನಿನಲ್ಲಿ ಪಾದರಸ ಇರುತ್ತದೆ ಅಂತ ಓದಿದೆ. ಈಗ ನಿದ್ದೆ ಬರ್ತಿಲ್ಲ.

ಉತ್ತರ: ಮೊದಲು ಸಮಾಧಾನ ಮಾಡ್ಕೊಳ್ಳಿ. ಒಂದು ಊಟದಿಂದ ಮಗುವಿಗೆ ತೊಂದರೆಯಾಗುವ ಸಾಧ್ಯತೆ ತೀರಾ ಕಡಿಮೆ. ತೊಂದರೆ ಬರುವುದು ಇಂಥ ಮೀನನ್ನು ಮತ್ತೆ ಮತ್ತೆ ತಿಂದಾಗ. ಮೈಗೆ ಸೇರಿದ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ಅಷ್ಟರೊಳಗೆ ಮತ್ತೆ ತಿಂದರೆ ಅದರ ಮೇಲೆ ಇದೂ ಸೇರುತ್ತದೆ, ಅಲ್ವಾ? ಮಗುವಿನ ಮಿದುಳು ಬೆಳೆಯುವ ಹೊತ್ತಿದು. ಹೆರಿಗೆ ಡಾಕ್ಟರಿಗೂ ವಿಷಯ ಹೇಳಿಡಿ.

ಅಮ್ಮನ ಕೈರುಚಿಗೆ ನಮಸ್ಕಾರ. ಆದರೆ ಉಪ್ಪು, ಹುಳಿ, ಕುದಿಸುವುದು, ಯಾವುದರಿಂದಲೂ ಪಾದರಸ ಹೋಗುವುದಿಲ್ಲ. ಅದು ಚರ್ಮದಲ್ಲೋ ಕೊಬ್ಬಿನಲ್ಲೋ ಇರುವುದಲ್ಲ, ಮಾಂಸಕ್ಕೇ ಅಂಟಿಕೊಂಡಿರುತ್ತದೆ. ಕೆರೆ ನೀರು ತಿಳಿಯಾಗಿದೆ ಅಂತಲೂ ನಂಬಬೇಡಿ. ಎಲ್ಲೋ ಸುಟ್ಟ ಕಲ್ಲಿದ್ದಲಿನ ಪಾದರಸ ಗಾಳಿಯಲ್ಲಿ ಬಂದು ಮಳೆ ಜೊತೆ ಕೆರೆಗೆ ಬೀಳುತ್ತದೆ. ಕೆಸರಿನ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಮರ್ಕ್ಯುರಿ, ಅಂದರೆ ಮೈಗೆ ಸುಲಭವಾಗಿ ಸೇರುವ ಪಾದರಸ, ಮಾಡುತ್ತವೆ. ಹುಳ ತಿಂದ ಮರಿಮೀನು, ಮರಿಮೀನು ತಿಂದ ವಾಲ್‌ಐ, ಹೀಗೆ ಮೇಲಕ್ಕೆ ಹೋದಷ್ಟೂ ಜಾಸ್ತಿಯಾಗುತ್ತದೆ. ಅದಕ್ಕೇ ದೊಡ್ಡ, ವಯಸ್ಸಾದ ಮೀನಿನಲ್ಲಿ ಹೆಚ್ಚು.

ಪ್ರಶ್ನೆ: ಹಾಗಾದ್ರೆ ಮೀನು ಬಿಟ್ಟೇಬಿಡಲಾ? ನಾಲ್ಕು ವರ್ಷದ ಮಗನಿಗೂ ಇಷ್ಟ.

ಉತ್ತರ: ಖಂಡಿತ ಬಿಡಬೇಡಿ. ಮೀನಿನ ಒಮೇಗಾ-3 ಮಗುವಿಗೆ ಬೇಕು. ಮೀನು ಬದಲಾಯಿಸಿ, ಅಷ್ಟೇ. ನಿಮ್ಮ ರಾಜ್ಯದ ಆರೋಗ್ಯ ಇಲಾಖೆಯ ಸಾಮಾನ್ಯ ಸಲಹೆಯಲ್ಲಿ ಬಸುರಿಯರಿಗೂ 15 ವರ್ಷದೊಳಗಿನ ಮಕ್ಕಳಿಗೂ ಸನ್‌ಫಿಶ್, ಕ್ರ್ಯಾಪಿ, ಯೆಲ್ಲೋ ಪರ್ಚ್ ವಾರಕ್ಕೊಂದು ಊಟ. 20 ಇಂಚಿಗಿಂತ ಚಿಕ್ಕ ವಾಲ್‌ಐ ತಿಂಗಳಿಗೊಮ್ಮೆ. ಅದಕ್ಕಿಂತ ಉದ್ದದ್ದು ಬೇಡವೇ ಬೇಡ. ಕೆಲವು ಕೆರೆಗಳಿಗೆ ಇನ್ನೂ ಬಿಗಿಯಾದ ಸಲಹೆ ಇರುತ್ತದೆ. ಗಾಳ ಹಾಕುವ ಮೊದಲೇ ಇಲಾಖೆಯ ಸಲಹೆಯಲ್ಲಿ ಆ ಕೆರೆಯ ಹೆಸರು ಇದೆಯಾ ನೋಡಿಕೊಳ್ಳಿ.

ನಿಮಗೆ ಒಂದು ಊಟ ಅಂದರೆ ಹಸಿ ಮೀನು ಸುಮಾರು 113 ಗ್ರಾಂ, ನಿಮ್ಮ ಅಂಗೈಯಷ್ಟು. ಮಗನಿಗೆ ಅದರ ಅರ್ಧ. ಸನ್‌ಫಿಶ್ ನಮ್ಮ ಜಿಲೇಬಿ ಮೀನಿನ ಥರ ಚಪ್ಪಟೆ. ಮಸಾಲೆ ಹಚ್ಚಿ ಹುರಿದರೆ ಬಹಳ ರುಚಿ. ಮುಳ್ಳು ಮಾತ್ರ ನೋಡಿ ಬಿಡಿಸಿ ಕೊಡಿ.

ಇನ್ಮೇಲೆ ಮೀನು ಮನೆಗೆ ಬಂದ ಕೂಡಲೇ ಟೇಪ್ ಹಿಡಿದು ಅಳೆಯಿರಿ. ಫ್ರೀಜರ್ ಕವರ್ ಮೇಲೆ ಹೆಸರು, ಉದ್ದ, ಕೆರೆ ಬರೆದಿಡಿ. ತುಂಡು ಮಾಡಿದ ಮೇಲೆ ಯಾವುದು ಯಾವ ಮೀನು ಅಂತ ಅಮ್ಮನಿಗೂ ಗೊತ್ತಾಗುವುದಿಲ್ಲ.