ಮಲೆನಾಡಿನ ಅಂಗಳಕ್ಕೆ ಕಲ್ಲು ಕಾಣುವ ಕಾಂಕ್ರೀಟು ಹಾಕಿಸಬಹುದೇ?

ಪ್ರಶ್ನೆ | ಅಂಗಳದಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಆಗುಂಬೆ ದಾರಿಯ ಹಳ್ಳಿಯೊಂದರಲ್ಲಿರುವ ಹಳೆಯ ಮನೆ. ಮುಂದೆ 30 ಅಡಿ ಉದ್ದ, 20 ಅಡಿ ಅಗಲದ ಅಂಗಳವಿದೆ. ನಾನು ಚಿಕ್ಕವನಿದ್ದಾಗ ಅದು ಸಗಣಿ ಸಾರಿಸಿದ ಮಣ್ಣಿನ ಅಂಗಳವಾಗಿತ್ತು. ಮಳೆಗಾಲ ಹಿಡಿಯುವ ಮೊದಲು ಅಡಿಕೆ ಸೋಗೆ ಹಾಸಿ, ಓಡಾಡುವ ಜಾಗಕ್ಕೆ ಅಡಿಕೆ ದಬ್ಬೆ ಹಾಕುತ್ತಿದ್ದರು. ಹದಿನೈದು ವರ್ಷಗಳ ಹಿಂದೆ ಅದಕ್ಕೆ ಕಾಂಕ್ರೀಟು ಹಾಕಿಸಿ, ಮೇಲೆ ಕರಣೆಯಿಂದ ನುಣ್ಣಗೆ ಉಜ್ಜಿಸಿದೆವು. ಬೇಸಿಗೆಯಲ್ಲಿ ಅಡಿಕೆ ಹರಡಲು ಅದು ಬಹಳ ಅನುಕೂಲ, ಆದರೆ ಜೂನ್ ಮುಗಿಯುವುದರೊಳಗೆ ಅಂಗಳವೆಲ್ಲ ಹಸಿರು ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರೆ ಎಂಟು ಹತ್ತು ದಿನ ತಡೆಯುತ್ತದೆ, ಆಮೇಲೆ ಮತ್ತೆ ಮೊದಲಿನಂತೆಯೇ. ಕಳೆದ ಆಷಾಢದಲ್ಲಿ ಅಮ್ಮ ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದು ಬರುವಾಗ ತುಳಸಿಕಟ್ಟೆಯ ಪಕ್ಕದಲ್ಲಿಯೇ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಈ ವರ್ಷ ಏನಾದರೂ ಮಾಡಲೇಬೇಕೆಂದು ನಿರ್ಧರಿಸಿದ್ದೇನೆ.

ಶಿವಮೊಗ್ಗದಲ್ಲಿ ಪರಿಚಯದವರೊಬ್ಬರ ಮನೆಯ ಕಾಲುದಾರಿಯಲ್ಲಿ ಸಣ್ಣ ಸಣ್ಣ ಕಲ್ಲುಗಳು ಮೇಲೆಯೇ ಎದ್ದು ಕಾಣುವ ಕಾಂಕ್ರೀಟನ್ನು ನೋಡಿದೆ. ಬರಿಗಾಲಿನಲ್ಲಿ ನಡೆದರೆ ಚುಚ್ಚುವುದಿಲ್ಲ, ನೀರು ಸುರಿದರೂ ಕಾಲು ಜಾರುವುದಿಲ್ಲ. ಆದರೆ ಶಿವಮೊಗ್ಗದ ಮಳೆಗೂ ನಮ್ಮ ಕಡೆಯ ಮಳೆಗೂ ಅಜಗಜಾಂತರವಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಮಳೆಗೆ ಆ ಕಲ್ಲುಗಳು ಕಿತ್ತು ಬರುವುದಿಲ್ಲವೇ? ಹೊಳೆಯ ಉರುಟು ಕಲ್ಲನ್ನು ಬಳಸಬಹುದೇ? ಅಂಥ ಅಂಗಳದಲ್ಲಿ ಅಡಿಕೆ ಒಣಗಿಸಲು ಆಗುತ್ತದೆಯೇ? ಮನೆಯ ಹೊರಗೋಡೆಯ ಕೆಳಭಾಗಕ್ಕೂ ಸೂರಿನ ನೀರು ಸಿಡಿದು ಕೆಮ್ಮಣ್ಣಿನ ಕಲೆಯಾಗುತ್ತಿದೆ, ಅಲ್ಲಿಗೂ ಇದನ್ನೇ ಮಾಡಿಸಬಹುದೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1 | ಗಾರೆಕೆಲಸ, ಸಾಗರ

ತಾಯಿಯವರು ಬೇಗ ಗುಣವಾಗಲಿ. ನನ್ನ ತಂದೆ ಗಾರೆ ಕೆಲಸದವರು, ನಾನೂ ಅದೇ ಕೆಲಸದಲ್ಲಿದ್ದೇನೆ. ಸಾಗರ, ಹೊಸನಗರದ ಕಡೆ ಇಂಥ ಅಂಗಳಗಳನ್ನು ಮಾಡಿಕೊಟ್ಟಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಾಂಕ್ರೀಟು ಹಾಕಿ ಕರಣೆ ಆಡಿಸಿದಾಗ ಸಿಮೆಂಟಿನ ಹಾಲು ಮೇಲಕ್ಕೆ ಬಂದು ತೆಳುವಾದ, ನುಣುಪಾದ ಪದರವಾಗುತ್ತದೆ. ನಿಮ್ಮ ಅಂಗಳದಲ್ಲಿ ಪಾಚಿ ಹಿಡಿಯುತ್ತಿರುವುದೂ ಕಾಲು ಜಾರುತ್ತಿರುವುದೂ ಆ ಪದರದ ಮೇಲೆಯೇ. ಅದು ಪೂರ್ತಿ ಗಟ್ಟಿಯಾಗುವ ಮೊದಲೇ ನೀರು ಮತ್ತು ಬ್ರಷ್ಷಿನಿಂದ ತೊಳೆದು ತೆಗೆದರೆ ಒಳಗಿನ ಜಲ್ಲಿಯ ತಲೆಗಳು ಹೊರಗೆ ಕಾಣುತ್ತವೆ. ಪಾಚಿ ಆಮೇಲೂ ಬರುತ್ತದೆ, ಬರುವುದೇ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಅದು ಕಲ್ಲುಗಳ ನಡುವಿನ ಸಂದಿನಲ್ಲಿ ಕೂರುತ್ತದೆ, ಪಾದ ಊರುವುದು ಕಲ್ಲಿನ ತಲೆಯ ಮೇಲೆ. ಈ ಕೆಲಸದ ಪ್ರಯೋಜನವೆಲ್ಲ ಇರುವುದು ಇಲ್ಲಿಯೇ, ಅಂದ ಆಮೇಲಿನ ಮಾತು.

ಕಲ್ಲು ಕಿತ್ತು ಬರುವುದಕ್ಕೆ ಕಾರಣ ಮಳೆಯಲ್ಲ, ಅತಿಯಾಗಿ ತೊಳೆಯುವುದು. ಪ್ರತಿಯೊಂದು ಕಲ್ಲಿನ ಮೂರರಲ್ಲಿ ಎರಡು ಭಾಗವಾದರೂ ಸಿಮೆಂಟಿನೊಳಗೆ ಹೂತಿರಬೇಕು, ಒಂದು ಭಾಗಕ್ಕಿಂತ ಹೆಚ್ಚು ಹೊರಗೆ ಬರಬಾರದು. ಆದ್ದರಿಂದ ತೊಳೆಯುವ ಹದ ತಿಳಿಯುವುದೇ ಈ ಕೆಲಸದ ಜೀವಾಳ. ಹೆಬ್ಬೆರಳಿನಿಂದ ಒತ್ತಿದರೆ ಸಿಮೆಂಟು ಬೆರಳಿಗೆ ಅಂಟಬಾರದು, ಉಗುರಿನಿಂದ ಗೀರಿದರೆ ಮಾತ್ರ ಗೆರೆ ಬೀಳಬೇಕು. ಮೂಲೆಯಲ್ಲಿ ಅಂಗೈಯಗಲದ ಜಾಗವನ್ನು ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ನೋಡಿ: ಹಾಲು ಬರಬೇಕು, ಕಲ್ಲು ಅಲುಗಬಾರದು. ಒಂದು ಕಲ್ಲು ತಿರುಗಿದರೂ ಕೈ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಮಾರ್ಚ್ ಬಿಸಿಲಿನಲ್ಲಿ ಮೂರು ಗಂಟೆಗೇ ಹದ ಬರಬಹುದು, ಡಿಸೆಂಬರಿನ ಚಳಿಯಲ್ಲಿ ಆರು ಗಂಟೆ ಕಳೆದರೂ ಬಾರದಿರಬಹುದು. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು 43 ಗ್ರೇಡಿನ ಸಾದಾ ಸಿಮೆಂಟಿಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೀಗಾಗಿ ನಿಮ್ಮ ಮನೆಯಲ್ಲಿಯೇ, ಅದೇ ಸಿಮೆಂಟು ಅದೇ ಜಲ್ಲಿಯಿಂದ ಎರಡಡಿ ಚೌಕದ ಒಂದು ಮಾದರಿ ತುಂಡನ್ನು ಮೊದಲು ಮಾಡಿ ನೋಡದೆ ಅಂಗಳಕ್ಕೆ ಕೈ ಹಾಕಬೇಡಿ.

600 ಚದರಡಿಯನ್ನು ಒಂದೇ ದಿನ ಹಾಕಿದರೆ ಒಂದು ಕಡೆ ತೊಳೆಯುವಷ್ಟರಲ್ಲಿ ಇನ್ನೊಂದು ಕಡೆ ಗಟ್ಟಿಯಾಗಿರುತ್ತದೆ. ನಿಮ್ಮ ಅಂಗಳ 10 ಅಡಿ ಚೌಕದ ಆರು ಮನೆಗಳಾಗಿ ಸರಿಯಾಗಿ ಭಾಗವಾಗುತ್ತದೆ. ಚದುರಂಗದ ಹಾಸಿನಂತೆ ಒಂದು ಬಿಟ್ಟು ಒಂದನ್ನು, ದಿನಕ್ಕೊಂದರಂತೆ ಹಾಕಿಸಿ. ನಾಲ್ಕು ಇಂಚು ದಪ್ಪದ ಕಾಂಕ್ರೀಟಿಗೆ ಎಂಟರಿಂದ ಹತ್ತು ಅಡಿಗೊಂದು ಸಂದು ಹೇಗೂ ಬೇಕು, ಇಲ್ಲವಾದರೆ ಬಿರುಕು ತನಗೆ ಬೇಕಾದ ಕಡೆ ದಾರಿ ಮಾಡಿಕೊಳ್ಳುತ್ತದೆ. ಪಕ್ಕದ ಚೌಕ ತೊಳೆಯುವಾಗ ಅದರ ಸಿಮೆಂಟು ನೀರು ಕೆಲಸ ಮುಗಿದ ಚೌಕದ ಮೇಲೆ ಹರಿಯದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿರಿ, ಆ ಕಲೆ ಕಲ್ಲಿನ ಮೇಲೆ ಒಣಗಿದರೆ ಬಿಡಿಸುವುದು ಬಹಳ ಕಷ್ಟ.

ಮೊದಲ ನೀರನ್ನು ಪೈಪಿನಿಂದ ರಭಸವಾಗಿ ಬಿಡಬಾರದು. ನಾನು ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪನ್ನು ಬಳಸುತ್ತೇನೆ, ಅದರ ನೀರು ಇಬ್ಬನಿಯಂತೆ ಬೀಳುತ್ತದೆ. ಬೋರ್ಡೋ ದ್ರಾವಣ ಹೊಡೆದ ಪಂಪಾದರೆ ಮೈಲುತುತ್ತದ ಅಂಶ ಸ್ವಲ್ಪವೂ ಉಳಿಯದಂತೆ ತೊಳೆದುಕೊಳ್ಳಿ. ಕೆಲಸದವರಿಗೆ ರಬ್ಬರ್ ಕೈಗವಸು ಮತ್ತು ಗಂಬೂಟು ಕೊಡಿಸಿ. ತೊಳೆದು ಬರುವ ನೀರು ಸುಣ್ಣದ ನೀರಿನಷ್ಟೇ ಖಾರವಾಗಿದ್ದು ಚರ್ಮವನ್ನು ಸುಡುತ್ತದೆ; ಆ ನೀರು ಬಾವಿಗಾಗಲೀ ತೋಟದ ಬಸಿಗಾಲುವೆಗಾಗಲೀ ಸೇರದಂತೆ ಒಂದು ಗುಂಡಿ ತೋಡಿ ಅಲ್ಲಿಗೆ ತಿರುಗಿಸಿ.

ಉತ್ತರ 2 | ತೋಟದವರು, ಹೊಸನಗರ

ಮೇಲಿನವರು ಹೇಳಿದ ಒಂದೊಂದು ಮಾತೂ ಸತ್ಯವೆಂದು ನಷ್ಟ ಅನುಭವಿಸಿ ತಿಳಿದವನು ನಾನು. ನಾಲ್ಕು ವರ್ಷಗಳ ಹಿಂದೆ ಗುತ್ತಿಗೆದಾರರೊಬ್ಬರಿಗೆ ಈ ಕೆಲಸ ಒಪ್ಪಿಸಿದ್ದೆ. ಅವರು ಮೇ ಕೊನೆಯ ವಾರದಲ್ಲಿ, ಮಾದರಿ ತುಂಡು ಮಾಡದೆ, ಇಡೀ ಅಂಗಳವನ್ನು ಎರಡೇ ದಿನಗಳಲ್ಲಿ ಹಾಕಿದರು. ಎರಡನೆಯ ದಿನ ಸಂಜೆ ಗುಡುಗು ಸಹಿತ ಮಳೆ ಬಂದು, ಹದ ಬರುವ ಮೊದಲೇ ಮೇಲಿನ ಸಿಮೆಂಟನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಮರುದಿನ ನೋಡಿದರೆ ಅಂಗಳ ಬಹಳ ಚೆನ್ನಾಗಿಯೇ ಕಾಣುತ್ತಿತ್ತು, ಕಲ್ಲುಗಳೆಲ್ಲ ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ದೀಪಾವಳಿಯ ಹೊತ್ತಿಗೆ ಗುಡಿಸಿದಾಗಲೆಲ್ಲ ಪೊರಕೆಯ ಜೊತೆ ಕಲ್ಲು ಎದ್ದು ಬರತೊಡಗಿತು. ಒಂದು ಡಬ್ಬಿಯಲ್ಲಿ ಕೂಡಿಡುತ್ತ ಹೋದೆ, ಮುಂದಿನ ಯುಗಾದಿಯ ಹೊತ್ತಿಗೆ ಆ ಎಣ್ಣೆ ಡಬ್ಬಿ ತುಂಬಿತ್ತು. ಕೊನೆಗೆ ಅರ್ಧ ಅಂಗಳವನ್ನು ಒಡೆಸಿ ಮತ್ತೆ ಹಾಕಿಸಬೇಕಾಯಿತು. ಆದ್ದರಿಂದ ಡಿಸೆಂಬರಿನಿಂದ ಮಾರ್ಚ್ ಮಧ್ಯದೊಳಗೆ ಕೆಲಸ ಮುಗಿಸಿ ಎಂಬುದೇ ನನ್ನ ಕಳಕಳಿಯ ವಿನಂತಿ.

ಹೊಳೆಯ ಕಲ್ಲಿನ ಬಗ್ಗೆ ಎರಡು ಮಾತು. ಪರವಾನಗಿ ಇಲ್ಲದೆ ತುಂಗೆಯಿಂದಾಗಲೀ ಶರಾವತಿಯಿಂದಾಗಲೀ ಕಲ್ಲು, ಮರಳು ತೆಗೆಯುವುದು ಕಾನೂನಿಗೆ ವಿರುದ್ಧ, ಆ ಯೋಚನೆಯನ್ನು ಬಿಟ್ಟುಬಿಡಿ. ಅಂಗಡಿಯಲ್ಲಿ ಕೊಳ್ಳುವ ಉರುಟು ಕಲ್ಲು ನೋಡಲು ಚಂದವಿದ್ದರೂ, ಪಾಲಿಶ್ ಮಾಡಿದಂತೆ ನುಣುಪಾಗಿರುವುದರಿಂದ ಮಳೆಯಲ್ಲಿ ಕಾಲಿಗೆ ಒಡೆದ ಜಲ್ಲಿಯಷ್ಟು ಹಿಡಿತ ಕೊಡುವುದಿಲ್ಲ, ಸಿಮೆಂಟೂ ಅದನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಎರಡನೆಯ ಸಲ ನಾನು ಕ್ವಾರಿಯ 12 ಎಂಎಂ ಕರಿಜಲ್ಲಿಯನ್ನೇ ಪುಡಿ ಹೋಗುವಂತೆ ತೊಳೆದು ಹಾಕಿಸಿದೆ. ಜಂಬಿಟ್ಟಿಗೆಯ ಚೂರು ಕೆಂಪಗೆ ಕಾಣುತ್ತದೆಂದು ಕೆಲವರು ಅದನ್ನು ಬೆರೆಸಲು ಹೇಳುತ್ತಾರೆ. ಅದು ನೀರು ಹೀರುವ ಮೆದು ಕಲ್ಲು, ನಮ್ಮ ಮಳೆಗೆ ಸಲ್ಲದು.

ಮತ್ತೆ ಪ್ರಶ್ನೆ | ಅಂಗಳದಮನೆ

ಇಬ್ಬರಿಗೂ ಧನ್ಯವಾದಗಳು. ನಮ್ಮ ಮೇಸ್ತ್ರಿಯವರು ಎರಡು ಸಲಹೆ ಕೊಟ್ಟಿದ್ದಾರೆ. ಹಳೆಯ ಕಾಂಕ್ರೀಟನ್ನು ಒಡೆಯದೆ ಅದರ ಮೇಲ್ಮೈಯನ್ನೇ ಉಳಿಯಿಂದ ಟಾಕಿ ಹೊಡೆದು ಒರಟು ಮಾಡಬಹುದು ಎಂಬುದು ಒಂದು. ಹೊಸದಾಗಿ ಹಾಕುವುದಾದರೆ ಮೇಲೆ ಬೆಲ್ಲದ ನೀರು ಚಿಮುಕಿಸಿದರೆ ಸಿಮೆಂಟು ತಡವಾಗಿ ಗಟ್ಟಿಯಾಗುತ್ತದೆ, ಮರುದಿನ ನಿಧಾನವಾಗಿ ತೊಳೆಯಬಹುದು ಎಂಬುದು ಇನ್ನೊಂದು. ಇವು ಸರಿಯೇ?

ಉತ್ತರ 3 | ಸಿವಿಲ್, ಶಿವಮೊಗ್ಗ

ನಾನು ಕಟ್ಟಡ ಎಂಜಿನಿಯರ್. ಮೇಸ್ತ್ರಿಯವರ ಎರಡೂ ಮಾತುಗಳಲ್ಲಿ ಹುರುಳಿದೆ, ಆದರೆ ಎರಡನ್ನೂ ನಾನು ಒಪ್ಪಲಾರೆ.

ಸಕ್ಕರೆಯ ಅಂಶ ಸಿಮೆಂಟು ಗಟ್ಟಿಯಾಗುವುದನ್ನು ತಡಮಾಡುತ್ತದೆ ಎಂಬುದು ನಿಜ. ಹಳೆಯ ಸುಣ್ಣದ ಗಾರೆಗೆ ಬೆಲ್ಲ ಸೇರಿಸುತ್ತಿದ್ದುದು ಬೇರೆಯ ಉದ್ದೇಶಕ್ಕೆ, ಎರಡೂ ಒಂದೇ ಎಂದು ತಿಳಿಯಬಾರದು. ಚಿಮುಕಿಸಿದ ಬೆಲ್ಲದ ನೀರು ತಗ್ಗಿನಲ್ಲಿ ಹೆಚ್ಚು ನಿಂತು ಅಲ್ಲಿ ಆಳಕ್ಕೆ ಇಳಿಯುತ್ತದೆ, ಉಬ್ಬಿನಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಇದೇ ಕೆಲಸಕ್ಕೆಂದು ಸರ್ಫೇಸ್ ರಿಟಾರ್ಡರ್ ಎಂಬ ದ್ರಾವಣ ಸಿಗುತ್ತದೆ. ಎಷ್ಟು ಆಳಕ್ಕೆ ಸಿಮೆಂಟು ಮೆದುವಾಗಿ ಉಳಿಯಬೇಕು ಎಂಬುದಕ್ಕೆ ತಕ್ಕಂತೆ ಅದರಲ್ಲಿ ಬೇರೆ ಬೇರೆ ದರ್ಜೆಗಳಿವೆ. 12 ಎಂಎಂ ಜಲ್ಲಿಗೆ ಮೂರು ನಾಲ್ಕು ಮಿಲಿಮೀಟರ್ ಆಳದ್ದು ಸಾಕು. ಅದನ್ನು ಸಮನಾಗಿ ಸಿಂಪಡಿಸಿ, ಪ್ಲಾಸ್ಟಿಕ್ ಹೊದಿಸಿ, ಮರುದಿನ ಬೆಳಿಗ್ಗೆ ತೊಳೆಯಬಹುದು.

ಇನ್ನು ಟಾಕಿ ಹೊಡೆಯುವ ವಿಚಾರ. ಹದಿನೈದು ವರ್ಷಗಳ ಹಿಂದೆ ನುಣ್ಣಗೆ ಉಜ್ಜಿದ ಅಂಗಳದಲ್ಲಿ ಜಲ್ಲಿ ಎಷ್ಟು ಕೆಳಗಿದೆಯೋ ಹೇಳಲಾಗದು. ಹೊಡೆದ ಕಡೆಯೆಲ್ಲ ಕಲ್ಲು ಸಿಗುವ ಬದಲು ಬರೀ ಸಿಮೆಂಟಿನ ಗುಳಿಗಳಾದರೆ ಅವು ನೀರು ಹಿಡಿದು ಪಾಚಿಯನ್ನು ಮತ್ತಷ್ಟು ಬೆಳೆಸುತ್ತವೆ. ಅದಕ್ಕಿಂತ ಮುಖ್ಯವಾದದ್ದು ಧೂಳು. ಗ್ರಾನೈಟ್ ಜಲ್ಲಿಯಲ್ಲಿಯೂ ಮರಳಿನಲ್ಲಿಯೂ ಸಿಲಿಕಾ ಇರುತ್ತದೆ, ಅದರ ನವಿರಾದ ಧೂಳು ಶ್ವಾಸಕೋಶದಲ್ಲಿ ಉಳಿದು ಸಿಲಿಕೋಸಿಸ್ ತರುತ್ತದೆ. ಅಡುಗೆಕಟ್ಟೆಗೆ ಹಾಕುವ, ಸ್ಫಟಿಕಶಿಲೆಯ ಪುಡಿಗೆ ರಾಳ ಬೆರೆಸಿ ಮಾಡಿದ ಕೃತಕ ಕಲ್ಲನ್ನು ಕತ್ತರಿಸುವ ಕೆಲಸಗಾರರಲ್ಲಿ ಈ ಕಾಯಿಲೆ ಹೆಚ್ಚಿದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನು ನಿಷೇಧಿಸಿತು. ನಿಮ್ಮಲ್ಲಿ ಸಂದು ಕತ್ತರಿಸುವಾಗಲೂ ಯಂತ್ರಕ್ಕೆ ನೀರು ಬಿಟ್ಟುಕೊಂಡೇ ಕತ್ತರಿಸಲು ಹೇಳಿ. ತೊಳೆದು ಕಲ್ಲು ಬಿಡಿಸುವ ವಿಧಾನದಲ್ಲಿ ಈ ಧೂಳೇ ಏಳುವುದಿಲ್ಲವೆಂಬುದೂ ಅದರ ಪರವಾಗಿ ನಾನು ಹೇಳುವ ದೊಡ್ಡ ಮಾತು.

ಜಲ್ಲಿಯ ಅಳತೆಯ ಬಗ್ಗೆಯೂ ಗಮನವಿರಲಿ. ಸಾಮಾನ್ಯ ಕಾಂಕ್ರೀಟಿನಲ್ಲಿ ದಪ್ಪ, ಮಧ್ಯಮ, ಸಣ್ಣ ಜಲ್ಲಿಗಳೆಲ್ಲ ಬೆರೆತಿರುತ್ತವೆ. ತೊಳೆದಾಗ ಒಂದು ಕಡೆ ದಪ್ಪ ಕಲ್ಲು, ಒಂದು ಕಡೆ ಪುಡಿ ಕಂಡು ಮೇಲ್ಮೈ ಮಚ್ಚೆ ಮಚ್ಚೆಯಾಗುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ನಿನ ಮೆರಿಡಿಯನ್ ಹಿಲ್ ಉದ್ಯಾನದ ಗೋಡೆಗಳನ್ನು ಮಾಡಿದ ಜಾನ್ ಜೋಸೆಫ್ ಅರ್ಲಿ ಎಂಬ ಕುಶಲಕರ್ಮಿ, ಮಧ್ಯದ ಅಳತೆಗಳನ್ನು ಬಿಟ್ಟು ಹೆಚ್ಚುಕಡಿಮೆ ಒಂದೇ ಗಾತ್ರದ ಕಲ್ಲು ಮತ್ತು ಮರಳನ್ನು ಮಾತ್ರ ಬಳಸಿದರೆ ಇಡೀ ಮೇಲ್ಮೈ ಸಮನಾದ ಬಣ್ಣ ಪಡೆಯುತ್ತದೆಂದು ತೋರಿಸಿದರು. ಬಿಳಿ ಸಿಮೆಂಟು ಮತ್ತು ಸ್ಫಟಿಕಶಿಲೆಯ ಚೂರುಗಳಿಂದ ಅವರ ಕಾರ್ಯಾಗಾರ ಹೊದಿಕೆ ಮಾಡಿಕೊಟ್ಟ ಇಲಿನಾಯ್ ರಾಜ್ಯದ ಬಹಾಯಿ ಧರ್ಮದವರ ಮಂದಿರ 1953ರಲ್ಲಿ ಲೋಕಾರ್ಪಣೆಯಾಯಿತು. ನಿಮ್ಮ ಅಂಗಳಕ್ಕೂ ಅದೇ ನಿಯಮ: ಜರಡಿ ಹಿಡಿದ 12 ಎಂಎಂ ಜಲ್ಲಿ, ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಸಾಕು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ (1:1.5:3) ಬೆರಕೆಯಲ್ಲಿ ನಾಲ್ಕು ಇಂಚು ದಪ್ಪಕ್ಕೆ ಸುಮಾರು 5.6 ಘನ ಮೀಟರ್ ಕಾಂಕ್ರೀಟು, ಅಂದರೆ ಹತ್ತಿರ ಹತ್ತಿರ 45 ಚೀಲ ಸಿಮೆಂಟು ಬೇಕಾಗುತ್ತದೆ. ನೀರು ಕಡಿಮೆ ಹಾಕಿ ಬಿಗಿಯಾಗಿ ಕಲಸಬೇಕು, ತೆಳುವಾದರೆ ಕಲ್ಲು ಕೆಳಗೆ ಕುಳಿತುಬಿಡುತ್ತದೆ. ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ನೀರುಣಿಸಬೇಕು. ಒರಟು ಮೇಲ್ಮೈಯಲ್ಲಿ ನೀರು ನಿಧಾನವಾಗಿ ಹರಿಯುವುದರಿಂದ ಅಂಗಳದ ಅಗಲ 20 ಅಡಿಗೆ ನಾಲ್ಕು ಇಂಚಿಗೆ ಕಡಿಮೆಯಿಲ್ಲದಂತೆ ವಾಟ (ಇಳಿಜಾರು) ಕೊಡಿಸಿ.

ಗೋಡೆಯ ಕೆಳಭಾಗಕ್ಕೆ ಇದೇ ಬಗೆಯ ಗಿಲಾವು ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿರುವ ಕ್ರಮವನ್ನೇ ಅನುಸರಿಸಬಹುದು: ಮೊದಲು ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ (1:4) 12 ಮಿಲಿಮೀಟರ್ ಗಿಲಾವು ಮಾಡಿ, ಅದು ಹಸಿಯಿರುವಾಗಲೇ ಗೀರು ಹಾಕಿ, ಅದರ ಮೇಲೆ ಸಿಮೆಂಟು ಹಾಲು ಬಳಿದು, ಒಂದು ಪಾಲು ಸಿಮೆಂಟು, ಅರ್ಧ ಪಾಲು ದಪ್ಪ ಮರಳು, ಎರಡು ಪಾಲು 10 ಎಂಎಂ ಕಲ್ಲುಚೂರಿನ 15 ಮಿಲಿಮೀಟರ್ ಪದರ ಕೊಟ್ಟು ತೊಳೆಯುವುದು. ನೆಲದಿಂದ ಮೂರಡಿ ಎತ್ತರಕ್ಕೆ ಇದನ್ನು ಮಾಡಿಸಿದರೆ ಕೆಮ್ಮಣ್ಣು ಅಂಟಿದರೂ ಎದ್ದು ಕಾಣುವುದಿಲ್ಲ.

ಮೇಲೆ ಹೊಳಪಿನ ಅಕ್ರಿಲಿಕ್ ಲೇಪ ಹಾಕಲು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ. ಕೆಳಗಿನ ತೇವ ಹೊರಗೆ ಹೋಗಲಾರದೆ ಆ ಪೊರೆ ಬೆಳ್ಳಗಾಗಿ ಸುಲಿಯುತ್ತದೆ, ಮಳೆಯಲ್ಲಿ ಜಾರುತ್ತದೆ. ಬೇಕೆಂದರೆ 28 ದಿನ ಕಳೆದ ಮೇಲೆ ಒಳಗೆ ಇಂಗಿ ನೀರು ತಡೆಯುವ ಸಿಲೇನ್ ಬಗೆಯ ಲೇಪವನ್ನು ಹಾಕಿಸಬಹುದು.

ಉತ್ತರ 4 | ಗಾರೆಕೆಲಸ, ಸಾಗರ

ಅಡಿಕೆಯ ಪ್ರಶ್ನೆಗೆ ಉತ್ತರ ಉಳಿದಿತ್ತು. ಬೇಯಿಸಿದ ಅಡಿಕೆಯನ್ನು ಇಂಥ ಅಂಗಳದ ಮೇಲೆ ನೇರವಾಗಿ ಹರಡಬೇಡಿ. ಚೊಗರು ಕಲ್ಲಿನ ಸಂದಿಗೆ ಇಳಿದರೆ ಕಲೆ ಹೋಗುವುದಿಲ್ಲ, ಸಂದಿನಲ್ಲಿ ಸಿಕ್ಕಿದ ಚೂರುಗಳನ್ನು ಗುಡಿಸಿ ತೆಗೆಯುವುದೂ ಕಷ್ಟ. ನಾನಾದರೆ ಕೊಟ್ಟಿಗೆಯಿಂದ ಜಗುಲಿಯವರೆಗೆ, ತುಳಸಿಕಟ್ಟೆಯ ಸುತ್ತ, ಬಚ್ಚಲಿನ ದಾರಿ, ಇಷ್ಟು ಜಾಗದ ನಾಲ್ಕು ಚೌಕಗಳನ್ನು ಮಾತ್ರ ತೊಳೆದು ಕಲ್ಲು ಬಿಡಿಸಿ, ಹೆಚ್ಚು ಬಿಸಿಲು ಬೀಳುವ ಎರಡು ಚೌಕಗಳನ್ನು ಅಡಿಕೆಗೆಂದು ನುಣ್ಣಗೆ ಬಿಡುತ್ತೇನೆ. ಮಳೆಗಾಲದಲ್ಲಿ ಆ ಎರಡಕ್ಕೆ ಮೊದಲಿನಂತೆ ಸೋಗೆ ಹಾಸಿಬಿಡಿ. ಮಾದರಿ ತುಂಡು ಮಾಡಿದ ಮೇಲೆ ಅದರ ಚಿತ್ರ ಹಾಕಿ, ತೊಳೆದ ಹೊತ್ತನ್ನೂ ಬರೆಯಿರಿ, ಆಳ ಸರಿಯಿದೆಯೇ ಎಂದು ನೋಡಿ ಹೇಳುತ್ತೇನೆ.