ಸಹಾಯ ಬೇಕು: ನಮ್ಮ ಹೋಟೆಲ್ ಮೇಲೆ ಎಡಿಎ (ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯ್ದೆ) ಕೇಸು
ನಮಸ್ಕಾರ. ಬೇ ಏರಿಯಾದಲ್ಲಿ ನಮ್ಮದೊಂದು ಪುಟ್ಟ ದೋಸೆ ಹೋಟೆಲ್, ಕೆಲಸಕ್ಕಿರೋದು ಒಂಬತ್ತೇ ಜನ. ಮೊನ್ನೆ ಮಧ್ಯಾಹ್ನದ ರಶ್ಶಿನಲ್ಲೇ ಯಾರೋ ಬಂದು ಸಮನ್ಸ್ ಕೈಗಿಟ್ಟು ಹೋದರು. ವೀಲ್‌ಚೇರ್ ಬಳಸುವ ಗ್ರಾಹಕರೊಬ್ಬರ ಕೇಸು: ಪಾರ್ಕಿಂಗ್ ಜಾಗ ಇಳಿಜಾರು, ಟಾಯ್ಲೆಟ್ ಕನ್ನಡಿ ಎತ್ತರ. ಟೇಪ್ ಹಿಡಿದು ನೋಡಿದೆ, ಕನ್ನಡಿಯ ಕೆಳಅಂಚು 44 ಇಂಚಿಗಿತ್ತು, ಇರಬೇಕಾದ್ದು 40ರೊಳಗೆ. ತಪ್ಪು ನಮ್ಮದೇ, ಅವತ್ತೇ ಇಳಿಸಿದೆ. ಪಾರ್ಕಿಂಗ್ ಮಾತ್ರ ಕಟ್ಟಡದ ಓನರ್‌ದು, ಅವರು ಲೀಸ್ ತೋರಿಸಿ ಕೈ ತೊಳ್ಕೊಂಡಿದ್ದಾರೆ.

ತಾರತಮ್ಯ ತಡೆಯೋಕಿರುವ ಕ್ಯಾಲಿಫೋರ್ನಿಯಾದ ಅನ್‌ರೂ ಕಾಯ್ದೆಯಲ್ಲಿ ಪರಿಹಾರ ಕನಿಷ್ಠ 4,000 ಡಾಲರ್. ಸಣ್ಣ ವ್ಯಾಪಾರದವರು 30 ದಿನದೊಳಗೆ ಸರಿಪಡಿಸಿದರೆ 2,000ಕ್ಕೆ ಇಳಿಯಬಹುದಂತೆ. ಕೇಸು ಹಾಕಿದವರ ವಕೀಲರ ಫೀಸು ಬೇರೆ. ಈಗಲೇ ಸೆಟಲ್ ಮಾಡ್ಕೊಳ್ಳೋದಾ, ಕ್ಯಾಸ್ಪ್ (ಅಂಗವಿಕಲರ ಸೌಲಭ್ಯ ಪರಿಶೀಲಿಸುವ ಪ್ರಮಾಣಿತ ತಜ್ಞರ) ತಪಾಸಣೆ ಮಾಡಿಸಿ ಆಮೇಲೆ ಮಾತಾಡೋದಾ? ಇದನ್ನು ಎದುರಿಸಿದವರು, ಒಳ್ಳೆ ವಕೀಲರು ಗೊತ್ತಿರೋರು ದಯವಿಟ್ಟು ಮೆಸೇಜ್ ಮಾಡಿ.