ಹೊಲದಲ್ಲಿ ಕಂಡದ್ದು ಚಿಗರಿಯೋ, ಚಿಂಕಾರವೋ?

ಪ್ರಶ್ನೆ (ರೈತರು, ಬೀಳಗಿ): ಡಾಕ್ಟರೇ, ನಮ್ಮ ಹೊಲ ಯಡಹಳ್ಳಿ ಗುಡ್ಡದ ಬದಿಗಿದೆ. ನಿನ್ನೆ ನಸುಕಿನಲ್ಲಿ ಮೂರು ಪ್ರಾಣಿ ನಿಂತಿದ್ದವು. ಮೈ ಕಂದು, ಮೂರಕ್ಕೂ ಕೊಂಬು. ನಮ್ಮಣ್ಣ ಚಿಗರಿ ಅಂತಾನೆ, ಬಾಜೂ ಹೊಲದವರು ಚಿಂಕಾರ ಅಂತಾರೆ. ಯಾರ ಮಾತು ಸರಿ?

ಪಶುವೈದ್ಯರು: ಮೂರಕ್ಕೂ ಕೊಂಬು ಇತ್ತು ಅಂದರೆ ಚಿಂಕಾರವೇ ಇರಬೇಕು. ಚಿಗರಿಯಲ್ಲಿ, ಅಂದರೆ ಕೃಷ್ಣಮೃಗದಲ್ಲಿ, ಹೆಣ್ಣಿಗೆ ಸಾಮಾನ್ಯವಾಗಿ ಕೊಂಬು ಬರುವುದಿಲ್ಲ. ಚಿಂಕಾರದಲ್ಲಿ, ಅದೂ ಒಂದು ಜಾತಿಯ ಸಣ್ಣ ಹುಲ್ಲೆಯೇ, ಹೆಣ್ಣಿಗೂ ಬರುತ್ತದೆ. ಆದರೆ ಒಂದು ಅನುಮಾನ ಉಳಿಯುತ್ತದೆ. ಚಿಗರಿಯ ಎಳೆ ಗಂಡುಗಳೂ ಕಂದು ಬಣ್ಣದವೇ, ಎರಡು ಮೂರು ವರ್ಷ ದಾಟಿದ ಮೇಲೆಯೇ ಅವು ಕಪ್ಪಾಗುವುದು. ಅವೂ ಗುಂಪು ಕಟ್ಟಿಕೊಂಡು ತಿರುಗುತ್ತವೆ. ಕೊಂಬು ತಿರುಪಿನ ಹಾಗೆ ಸುತ್ತಿಕೊಂಡಿತ್ತಾ?

ರೈತರು: ಇಲ್ಲ ರೀ, ಹೆಚ್ಚುಕಮ್ಮಿ ನೆಟ್ಟಗಿತ್ತು. ಒಂದರದು ಗೇಣಿನಷ್ಟು, ಉಂಗುರ ಉಂಗುರ. ಉಳಿದೆರಡರದು ಅರ್ಧ ಗೇಣು, ಸಪೂರ. ಬಾಲ ಅಲ್ಲಾಡಿಸುತ್ತಲೇ ಇದ್ದವು.

ಪಶುವೈದ್ಯರು: ಹಾಗಾದರೆ ಚಿಂಕಾರವೇ, ಒಂದು ಗಂಡು, ಎರಡು ಹೆಣ್ಣು. ಆ ಕಪ್ಪು ಬಾಲ ಸುಮ್ನೆ ಇರುವುದೇ ಇಲ್ಲ. ಮುಖ ನೋಡಿದರೆ ಕಣ್ಣಿನಿಂದ ಮೂಗಿನ ಕಡೆಗೆ ಪಟ್ಟೆ ಇಳಿದಿರುತ್ತದೆ. ಚಿಗರಿಗೆ ಕಣ್ಣಿನ ಸುತ್ತ ಬಿಳಿ ಬಳೆ. ಹೆದರಿದಾಗ ಚಿಂಕಾರ ಮುಂಗಾಲು ನೆಲಕ್ಕೆ ಬಡಿದು, ಸೀನಿದ ಹಾಗೆ ಸದ್ದು ಮಾಡುತ್ತದೆ. ನೀರಿಲ್ಲದೆಯೂ ತುಂಬಾ ದಿನ ಇರಬಲ್ಲದು, ಎಲೆಯ ಹಸಿ, ಇಬ್ಬನಿಯೇ ಅದಕ್ಕೆ ಸಾಕು. ನಿಮ್ಮ ಗುಡ್ಡವನ್ನು 2016ರಲ್ಲಿ ವನ್ಯಜೀವಿಧಾಮ ಮಾಡಿದ್ದು ಈ ಪ್ರಾಣಿಗಾಗಿಯೇ. ನಿಮ್ಮ ಹೊಲಕ್ಕೆ ಅದು ಬಂದದ್ದು ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು.

ಇನ್ನೊಬ್ಬರು (ವಿಜಯಪುರ): ಚಿಗರಿ ಕೊಂಬು ವರ್ಷಕ್ಕೊಮ್ಮೆ ಉದುರುತ್ತದೆ ಅಲ್ವಾ ಸರ್? ನಮ್ಮ ಬದುವಿನಲ್ಲಿ ಒಂದು ಸಿಕ್ಕಿದೆ.

ಪಶುವೈದ್ಯರು: ಉದುರುವುದಿಲ್ಲ. ವರ್ಷ ವರ್ಷ ಉದುರಿ ಮತ್ತೆ ಬೆಳೆಯುವುದು ಚುಕ್ಕೆ ಜಿಂಕೆ, ಕಡವೆಗಳ ಕವಲು ಕೊಂಬು. ಚಿಗರಿ, ಚಿಂಕಾರ ಎರಡೂ ಆ ಕುಟುಂಬದವಲ್ಲ, ನಮ್ಮ ಆಡು, ಆಕಳುಗಳ ನೆಂಟರು. ಒಳಗೆ ಎಲುಬು, ಮೇಲೆ ಉಗುರಿನಂಥ ಕವಚ. ಸಾಯುವ ತನಕ ಅದೇ ಕೊಂಬು. ನಿಮಗೆ ಸಿಕ್ಕಿದ್ದು ಚಿಗರಿಯದೇ ಆಗಿದ್ದರೆ ಪ್ರಾಣಿ ಬಹುಶಃ ಸತ್ತಿದೆ. ದಯವಿಟ್ಟು ಮನೆಯಲ್ಲಿ ಇಟ್ಟುಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಇವತ್ತೇ ಅರಣ್ಯ ಇಲಾಖೆಗೆ ತಿಳಿಸಿ.

ಮತ್ತೊಬ್ಬರು (ಮುಧೋಳ): ನಮ್ಮ ಜೋಳದ ಸಾಲಿನಲ್ಲಿ ಬೆಳಗ್ಗೆಯಿಂದ ಒಂದು ಮರಿ ಮಲಗಿದೆ. ತಾಯಿ ಬಿಟ್ಟು ಹೋಗಿದ್ದಾಳೆ. ಮನೆಗೆ ತಂದು ಆಡಿನ ಹಾಲು ಹಾಕಲಾ?

ಪಶುವೈದ್ಯರು: ತರಬೇಡಿ! ಬಿಟ್ಟು ಹೋಗಿಲ್ಲ, ಬಚ್ಚಿಟ್ಟು ಮೇಯಲು ಹೋಗಿದ್ದಾಳೆ. ದೂರದಿಂದ ನಿಮ್ಮನ್ನೇ ನೋಡುತ್ತಿರಬಹುದು. ಹಾಲು ಕುಡಿಸಲು ಬಂದಾಗ ಮರಿಯ ಗಂಜಲ, ಹಿಕ್ಕೆಯನ್ನೂ ತಾಯಿಯೇ ನೆಕ್ಕಿ ತೆಗೆಯುತ್ತಾಳೆ. ಅದರಿಂದ ತೋಳ, ನರಿಗೆ ವಾಸನೆ ಹತ್ತುವುದು ಕಷ್ಟ. ನೀವು ಅಲ್ಲೇ ನಿಂತರೆ ಅವಳು ಬರುವುದಿಲ್ಲ. ನಾಯಿ ಕಟ್ಟಿಹಾಕಿ, ಆ ಕಡೆಯ ಕೆಲಸ ನಾಳೆಗೆ ಇಡಿ. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಯವರನ್ನು ಕರೆಯಿರಿ, ನನಗೂ ಹೇಳಿ.

ಮುಧೋಳದವರು: ಸಂಜೆ ಹೋಗಿ ನೋಡಿದೆ ಸರ್. ಮರಿ ಇಲ್ಲ. ಸಾಲಿನುದ್ದಕ್ಕೂ ಎರಡು ಜೊತೆ ಹೆಜ್ಜೆ, ಒಂದು ದೊಡ್ಡದು, ಒಂದು ಸಣ್ಣದು.